ಬ್ರೂಟಸ್ ಹಚ್ಚಿದ ಅರಿಶಿನ

ನೂರ್‌ಜಹಾನ್ ಕರಪತ್ರವನ್ನು ಅಡುಗೆಮನೆಯ ಕಿಟಕಿಯ ಗಾಜಿಗೆ ಒತ್ತಿ ಹಿಡಿದಳು. ಅಕ್ಟೋಬರಿನ ಬಡಕಲು ಬಿಸಿಲು ಕಾಗದದ ಮೂಲಕ ಹಾದುಬಂತು. ಅಕ್ಷರಗಳನ್ನು ಅವಳು ಓದಲಿಲ್ಲ. ಅವು ಬಾಯಿಪಾಠವಾಗಿ ಎಷ್ಟೋ ದಿನವಾಗಿತ್ತು. ಅವಳು ನೋಡುತ್ತಿದ್ದದ್ದು ಮೂಲೆಗಳನ್ನು. ನಾಲ್ಕು ಮೂಲೆಗೂ ಒಂದೊಂದು ಹಳದಿ ಬೊಟ್ಟು.

"ಟೀ ಚೆಲ್ಲಿರ್ಬೇಕು ಭಾಭಿ," ಎಂದ ಶೌಕತ್, ರಾತ್ರಿ ತಾನು ಮಲಗಿದ್ದ ಸೋಫಾದ ಹೊದಿಕೆ ಮಡಿಸುತ್ತ.

"ನಾಲ್ಕು ಮೂಲೆಗೂ ನೋಡಿ ನೋಡಿ ಚೆಲ್ಲುತ್ತಾ ಟೀ?"

ಶೌಕತ್ ನಗಲು ಹೋದ, ಆಗಲಿಲ್ಲ. ಅವನ ಸ್ಥಿತಿಯೇ ಹಾಗಿತ್ತು. ಮಂಗಳವಾರ ಸ್ವೀಡನ್ನಿನ ಉತ್ತರ ತುದಿಯ ಲುಲೆಯೊದಿಂದ ರೈಲಿನಲ್ಲಿ ನಾಲ್ಕು ಸೂಟ್‌ಕೇಸ್ ತುಂಬ ಮಕ್ಕಳ ಕನ್ನಡ ಪುಸ್ತಕ ಹೊತ್ತು ತಂದವನು ಅವನು. ಗುರುವಾರ ಎಲ್ಲರೆದುರು ತೆರೆದಾಗ ಅವುಗಳಲ್ಲಿ ಇದ್ದದ್ದು ಇದೇ ಊರಿನ, ನಾರ್‌ಶೋಪಿಂಗಿನ ಅಂಗಡಿಗಳ ಜಾಹೀರಾತು ಕಾಗದದ ಕಟ್ಟು. ಅಲ್ಲಿಂದೀಚೆಗೆ ಸ್ವೀಡನ್ನಿನ ಕನ್ನಡಿಗರ ವಾಟ್ಸಾಪ್ ಗುಂಪುಗಳಲ್ಲೆಲ್ಲ ಅವನಿಗೆ ಒಂದೇ ಬಿರುದು, ಪುಸ್ತಕದ ಕಳ್ಳ.

ಲುಲೆಯೊದಲ್ಲಿ ಅವನು ಡೇಟಾ ಸೆಂಟರಿನ ಇಂಜಿನಿಯರ್. ಆದರೆ ಅವನ ಜೀವ ಇರುವುದು ಶನಿವಾರದ ಕನ್ನಡ ತರಗತಿಯಲ್ಲಿ. ಮಧ್ಯಾಹ್ನವೇ ಕತ್ತಲಾಗುವ ಆ ಊರಿನಲ್ಲಿ ಚಳಿಗಾಲವೆಲ್ಲ ಹಣೆಗೆ ಟಾರ್ಚ್ ಕಟ್ಟಿಕೊಂಡು ಬರುವ ಮಕ್ಕಳು, ಅವರ ನಡುವೆ ಅವನ ಮಗಳು ಸಹರ್. ರಜೆಗೆ ಊರಿಗೆ ಹೋದ ಪ್ರತಿ ಸಂಸಾರವೂ ಉಪ್ಪಿನಕಾಯಿ ಬಿಟ್ಟು ಪುಸ್ತಕ ಹೊತ್ತು ತಂದು ಕಟ್ಟಿದ ಲೈಬ್ರರಿ ಅದು.

ನಾಳೆ ಭಾನುವಾರ ಇಲ್ಲೇ ನಾರ್‌ಶೋಪಿಂಗಿನಲ್ಲಿ ಸಭೆ. ಊರೂರಿನ ಕನ್ನಡ ಕೂಟಗಳೆಲ್ಲ ಒಂದಾಗಿ ಸ್ಟಾಕ್‌ಹೋಮಿನಲ್ಲೊಂದು ಮಹಾಕೂಟ ಆಗಬೇಕೇ ಬೇಡವೇ ಎಂದು ಮತ. ಆಗಬೇಕು ಎನ್ನುವವರ ಸಂವಿಧಾನದ ಪ್ರಕಾರ ಪುಸ್ತಕವೂ ತರಗತಿಯೂ ಕೇಂದ್ರಕ್ಕೆ ಸೇರಬೇಕು. ಪುಸ್ತಕವನ್ನು ಮುಂಚಿತವಾಗಿ ತಂದಿಡಲು ಶೌಕತ್‌ಗೆ ಹೇಳಿದ್ದೂ ಅವರೇ. ಬೇಡ ಎಂದು ಯುಗಾದಿಯಿಂದ ಕರಪತ್ರ ಹಂಚುತ್ತಿದ್ದವನು ‘ಬ್ರೂಟಸ್’ ಎಂಬ ಮುಖವಿಲ್ಲದ ಮನುಷ್ಯ. ಮಹಾಕೂಟದ ಕಾರ್ಯದರ್ಶಿ ಆಗಲಿರುವ ಸುಧೀರ್ ನಿನ್ನೆ ಫೋನಿನಲ್ಲಿ ಕಡ್ಡಿ ಮುರಿದಂತೆ ಹೇಳಿದ್ದ.

"ನೋಡಿ ಮೇಡಂ, ಬ್ರೂಟಸ್ ಯಾರೋ ಅವನೇ ಕಳ್ಳ. ಅದು ಶೌಕತ್ ಅಂತ ನನಗೆ ಡೌಟೇ ಇಲ್ಲ. ನಿಮಗೆ ಬೇರೆ ಯಾರಾದ್ರೂ ಸಿಕ್ಕಿದ್ರೆ ಸಭೆಯಲ್ಲಿ ಹೆಸರು ಹೇಳಿ. ಇಲ್ಲಾಂದ್ರೆ ಫಸ್ಟ್ ಐಟಮ್ಮೇ ಅವನನ್ನ ತೆಗೆಯೋದು, ಲುಲೆಯೊ ಕ್ಲಾಸ್ ಕ್ಲೋಸ್ ಮಾಡೋದು."

ನೂರ್‌ಜಹಾನಳಿಗೆ ಈ ಪತ್ತೆಯ ಕೆಲಸ ಬಂದದ್ದು ಅವಳ ನೌಕರಿಯಿಂದ. ವಿಮಾ ಕಂಪನಿಯಲ್ಲಿ ಕ್ಲೇಮುಗಳನ್ನು ಪರೀಕ್ಷಿಸುವವಳು ಅವಳು. ಸುಟ್ಟುಹೋಯಿತು ಎಂದ ಸೋಫಾ ನಿಜವಾಗಿ ಸುಟ್ಟಿತೇ, ಮಾರಿದರೇ ಎಂದು ಹೇಳುವುದರಲ್ಲಿ ನಿಸ್ಸೀಮಳು. ಬೆಣ್ಣೆಯಿಂದ ಕೂದಲು ತೆಗೆದಂತೆ ಸುಳ್ಳನ್ನು ಎಳೆದು ತೆಗೆಯುತ್ತಾಳೆ ಎಂದು ಆಫೀಸಿನಲ್ಲಿ ಹೆಸರು. ಆದರೆ ಶೌಕತ್ ಅವಳ ಗಂಡನ ಕಾಲೇಜು ಗೆಳೆಯ, ಅವಳ ಮನೆಯ ಅನ್ನ ಉಣ್ಣುತ್ತಿರುವ ಅತಿಥಿ.

"ನೂರ್, ಆ ನೋವಿನ ಮುಲಾಮು ಎಲ್ಲಿಟ್ಟೆ?" ಸೊಂಟ ಹಿಡಿದುಕೊಂಡು ಗಂಡ ಅಜೀಮ್ ಒಳಗೆ ಬಂದ.

"ಇನ್ನೂ ಹೋಗಿಲ್ವಾ ಬೆನ್ನುನೋವು?"

"ಟೈರ್ ಎತ್ತಿದ್ದಲ್ವಾ. ವಯಸ್ಸಾಯ್ತು ಅನ್ಸುತ್ತೆ."

"ಮೇಲಿನ ಡ್ರಾಯರ್ ನೋಡು," ಎಂದಳು, ಮೂಲೆಯಿಂದ ಕಣ್ಣು ಕೀಳದೆ.

ಮೇಜಿನ ಬಳಿ ಎಂಟು ವರ್ಷದ ಮಗಳು ರೂಹಿ ಬಟ್ಟಲಿನ ಮೊಸರಿಗೆ ಮ್ಯೂಸ್ಲಿ ಸುರಿದುಕೊಳ್ಳುತ್ತಿದ್ದಳು. "ಅಮ್ಮಿ, ವಾಟ್ ಈಸ್ ಕೊಪ್ಪರಿಗೆ?"

"ದೊಡ್ಡ ಪಾತ್ರೆ ಕಣೇ. ಕಥೆಗಳಲ್ಲಿ ಅದರ ತುಂಬ ಹೊನ್ನು ಹೂತಿಟ್ಟಿರ್ತಾರೆ. ಎಲ್ಲಿ ಕೇಳ್ದೆ?"

"ಅಬ್ಬು ಸ್ಟೋರಿ ಹೇಳಿದ್ರು."

"ಬೇಗ ತಿನ್ನು ಬೇಟಾ, ಸ್ವಿಮ್ಮಿಂಗ್‌ಗೆ ಲೇಟಾಗುತ್ತೆ," ಎಂದು ಅಜೀಮ್ ಅವಸರಿಸಿದ.

ನೂರ್‌ಜಹಾನ್ ಕಾಗದವನ್ನು ಮೂಗಿನ ಬಳಿ ಹಿಡಿದಿದ್ದಳು. ಯುಗಾದಿ ಊಟಕ್ಕೆ ಹೋಗದಿದ್ದ ಅವಳು ಈ ಕರಪತ್ರವನ್ನು ನೋಡಿದ್ದು ಫೋನಿನ ಫೋಟೊದಲ್ಲಿ. ಅಸಲಿ ಪ್ರತಿ ಅವಳ ಕೈಗೆ ಬಂದದ್ದು ಈ ಬೆಳಿಗ್ಗೆ, ಶೌಕತ್‌ನ ಚೀಲದ ತಳದಿಂದ. ಆ ಊಟದ ದಿನ ಸಭಾಂಗಣದ ಹೊರಗೆ ಬಿಟ್ಟಿದ್ದ ಎಲ್ಲರ ಬೂಟುಗಳೊಳಗೆ ಯಾರೋ ಈ ಕಾಗದ ಮಡಚಿಟ್ಟಿದ್ದರು. ಉಂಡು ಬಂದವರೆಲ್ಲ ಕಾಲು ತೂರಿಸಿ ಬೆಚ್ಚಿಬಿದ್ದಿದ್ದರು. ಮಡಿಕೆಯೊಳಗೆ ಬೆಳಕು ತಾಗದೆ ಉಳಿದದ್ದರಿಂದ ಹಳದಿ ಮಾಸಿರಲಿಲ್ಲ, ವಾಸನೆಯೂ ಹೋಗಿರಲಿಲ್ಲ.

ಅರಿಶಿನ.

ದಾವಣಗೆರೆಯ ಓಣಿಯಲ್ಲಿ ಬೆಳೆದವಳಿಗೆ ಇದು ತಿಳಿಯದೆ ಇದ್ದೀತೆ? ಪಕ್ಕದ ಮನೆಯಲ್ಲಿ ಮದುವೆ ಎಂದರೆ ಲಗ್ನಪತ್ರಿಕೆಯ ನಾಲ್ಕು ಮೂಲೆಗೆ ಅರಿಶಿನ ಹಚ್ಚಿ ಕೊಟ್ಟ ಮೇಲೆಯೇ ಹಂಚಲು ಹೊರಡುತ್ತಿದ್ದದ್ದು. ಆ ಹಂಚುವ ಗುಂಪಿನಲ್ಲಿ ಲಂಗ ಎತ್ತಿಕಟ್ಟಿ ಮುಂದೆ ಓಡುತ್ತಿದ್ದವಳು ಇವಳೇ.

ಅವಳು ಮಲಗುವ ಕೋಣೆಗೆ ಹೋಗಿ ಬೀರು ತೆರೆದಳು. ರೂಹಿ ಹುಟ್ಟಿದಾಗ ಬಂದ ಉಡುಗೊರೆಗಳ ನಡುವೆ ಒಂದು ಲಕೋಟೆ ಇತ್ತು. ಅದರ ನಾಲ್ಕು ಮೂಲೆಯಲ್ಲೂ ಅದೇ ಬೊಟ್ಟು, ಒತ್ತಿ ಸ್ವಲ್ಪ ಎಡಕ್ಕೆ ಎಳೆದ ಅದೇ ಬೆರಳು.

ಕೊಟ್ಟವರು ಗೀತಕ್ಕ. ಕೆಳಗಿನ ಮಹಡಿಯ ಗೀತಕ್ಕ, ಹೆರಿಗೆಯ ನಂತರ ನಲವತ್ತು ದಿನ ಮೆಂತ್ಯದ ಗಂಜಿ ಮಾಡಿ ಮೆಟ್ಟಿಲು ಹತ್ತಿ ತಂದುಕೊಟ್ಟ ಗೀತಕ್ಕ. ಮಹಾಕೂಟದ ಸಂವಿಧಾನ ಬರೆದ ರಾಜಗೋಪಾಲ ಮೇಷ್ಟರ ಹೆಂಡತಿ.

ಬಂಡಾಯದ ಕರಪತ್ರವನ್ನೂ ಅರಿಶಿನ ಹಚ್ಚದೆ ಹೊಸ್ತಿಲು ದಾಟಿಸಲಾರದ ಬ್ರೂಟಸ್! ನೂರ್‌ಜಹಾನಳಿಗೆ ನಗು ಬಂತು. ಹಿಂದೆಯೇ ಇನ್ನೊಂದು ನೆನಪಾಯಿತು. ಸೂಟ್‌ಕೇಸುಗಳು ಇದ್ದದ್ದು ಅದೇ ಗೀತಕ್ಕನ ನೆಲಮಾಳಿಗೆಯ ಸ್ಟೋರಿನಲ್ಲಿ.

*

ಬಾಗಿಲು ತೆರೆದವರು ರಾಜಗೋಪಾಲ ಮೇಷ್ಟ್ರು. ತಲೆಗೆ ಉಣ್ಣೆಯ ಟೋಪಿ, ಕೊರಳಿಗೆ ಮಫ್ಲರ್, ವಾಕಿಂಗಿಗೆ ಹೊರಟ ವೇಷ.

"ಬಾಮ್ಮ ಬಾ! ಬ್ರೂಟಸ್ ಸಿಕ್ಕಿದ್ನೋ?"

ನೂರ್‌ಜಹಾನ್ ಕರಪತ್ರವಿದ್ದ ಚೀಲವನ್ನು ಬಗಲಿಗೆ ಒತ್ತಿಕೊಂಡಳು.

"ಸಿಕ್ಕಿದ್ರೂ ಈಗ್ಲೇ ಹೇಳ್ಬೇಡ," ಎಂದು ಮೇಷ್ಟ್ರು ಕಣ್ಣು ಮಿಟುಕಿಸಿದರು. "ನಾನು ಅವನಿಗೆ ಕೊಡೋ ಉತ್ತರ ಇನ್ನೂ ಮುಗ್ದಿಲ್ಲ. ಎಂಥ ಬುದ್ಧಿವಂತ ಗೊತ್ತಾ ಅವನು! ಕಾಲೇಜಿನಲ್ಲಿ ಇಂಥ ಒಬ್ಬ ಸ್ಟೂಡೆಂಟ್ ಸಿಕ್ಕಿದ್ರೆ ನಾನು ಕೆಲಸ ಬಿಟ್ಟು ಬರ್ತಾನೇ ಇರ್ಲಿಲ್ಲ."

"ಹೆಚ್ಚು ಮಾತಾಡ್ಬೇಡಿ, ದಮ್ಮು ಬರುತ್ತೆ," ಎನ್ನುತ್ತ ಗೀತಾ ಬಂದು ಅವರ ಕೋಟಿನ ಗುಂಡಿ ಹಾಕಿದರು. ಮೇಲಿನ ಗುಂಡಿ ಹಾಕುವಾಗ ಮೇಷ್ಟ್ರು ಮಗುವಿನಂತೆ ಗಲ್ಲ ಎತ್ತಿ ನಿಂತರು. "ಹೊಳೆ ತನಕ ಹೋಗಿ ವಾಪಸ್ ಬಂದ್ಬಿಡಿ. ಭಾರದ್ದೇನೂ ಎತ್ಕೊಂಡು ಬರ್ಬೇಡಿ, ಹಾಲಿನ ಡಬ್ಬಿನೂ ಬೇಡ."

"ಕೇಳಿದ್ಯಾ ನೂರ್‌ಜಹಾನ್? ಇದಕ್ಕಿಂತ ಬಲವಾದ ಕೇಂದ್ರ ಸರ್ಕಾರ ಉಂಟಾ?" ಎಂದು ನಗುತ್ತ ಮೇಷ್ಟ್ರು ಇಳಿದುಹೋದರು.

ಇಪ್ಪತ್ತು ವರ್ಷ ಮೈಸೂರಿನ ಕಾಲೇಜಿನಲ್ಲಿ ಅಮೆರಿಕದ ಇತಿಹಾಸ ಹೇಳಿಕೊಟ್ಟವರು ಅವರು. ಗೀತಾಗೆ ಇಲ್ಲಿ ಸರಕು ಸಾಗಣೆಯ ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ ಸಿಕ್ಕಾಗ, ಹೆಂಡತಿಯ ವರ್ಕ್ ಪರ್ಮಿಟ್ಟಿನ ಬಾಲ ಹಿಡಿದು ಬಂದೆ ಎಂದು ತಾವೇ ಹೇಳಿಕೊಂಡು ನಗುವವರು. ಕಳೆದ ಚಳಿಗಾಲದಲ್ಲಿ ಹೃದಯದ ಆಪರೇಷನ್ ಆಗಿತ್ತು.

ಗೀತಾ ಫಿಲ್ಟರ್ ಕಾಫಿ ಬೆರೆಸಿದರು. ಪಕ್ಕದಲ್ಲಿ ದಾಲ್ಚಿನ್ನಿ ಬನ್ನು ಇಟ್ಟರು. ನೂರ್‌ಜಹಾನ್ ಬನ್ನಿನ ಪಕ್ಕಕ್ಕೆ ಕರಪತ್ರವನ್ನಿಟ್ಟಳು. ಅದರ ಪಕ್ಕಕ್ಕೆ ರೂಹಿಯ ಲಕೋಟೆಯನ್ನಿಟ್ಟಳು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಗೀತಾ ಹೆಗಲು ಮುಟ್ಟಲಿಲ್ಲ, ತಮ್ಮ ಬಲಗೈಯ ಉಂಗುರದ ಬೆರಳನ್ನು ನೋಡಿಕೊಂಡರು.

"ಹಾಳು ಅಭ್ಯಾಸ," ಎಂದರು ಮೆಲ್ಲಗೆ. "ಹಚ್ಚಿದ್ದು ನನಗೇ ಗೊತ್ತಾಗಿಲ್ಲ ಕಣೇ ನೂರಿ. ಒಳ್ಳೇದಾಗ್ಲಿ ಅಂತ ಹೊರಗೆ ಕಳಿಸೋ ಕಾಗದ, ಕೈ ತಾನಾಗೇ ಹೋಗಿದೆ."

"ಯಾಕೆ ಗೀತಕ್ಕ? ಮೇಷ್ಟ್ರು ಬರೆದ ಸಂವಿಧಾನಕ್ಕೆ ನೀವೇ ವಿರೋಧ?"

"ಎದುರಿಗೆ ಹೇಳಿದ್ರೆ ಕೇಳ್ತಿದ್ರಾ? ‘ನಿಂಗೊತ್ತಾಗಲ್ಲ ಗೀತಾ’ ಅಂತಿದ್ರು, ಮುಗೀತಿತ್ತು." ಗೀತಾ ಲೋಟದ ಕಾಫಿಯನ್ನು ಬಟ್ಟಲಿಗೆ ಎತ್ತಿ ಹೊಯ್ದರು, ಮತ್ತೆ ಲೋಟಕ್ಕೆ ಹೊಯ್ದರು. "ಆದ್ರೆ ಅದಲ್ಲ ಕಾರಣ. ಆಪರೇಷನ್ ಆದ್ಮೇಲೆ ಅವರು ಮಾತು ಬಿಟ್ಟಿದ್ರು. ನಿಂಗೆ ನೆನಪಿದ್ಯಲ್ಲ? ಬೆಳಿಗ್ಗೆ ಎದ್ದು ಗೋಡೆ ನೋಡ್ತಾ ಕೂತ್ರೆ ಸಂಜೆ ತನಕ ಗೋಡೆನೇ. ಈ ಸಂವಿಧಾನ ಬರ್ಕೊಡಿ ಅಂತ ಸುಧೀರ್ ಗಂಟುಬಿದ್ದ, ಬರೆದುಕೊಟ್ರು. ಅದನ್ನೂ ಗುಮಾಸ್ತನ ಥರ, ಜೀವ ಇಲ್ದೆ. ನಾನು ಓದಿ ನೋಡ್ದೆ. ಲುಲೆಯೊ ಮಕ್ಕಳ ಕ್ಲಾಸು, ಪುಸ್ತಕ, ಎಲ್ಲಾ ಸ್ಟಾಕ್‌ಹೋಮ್ ಹೇಳಿದ ಹಾಗೆ. ಅಲ್ಲಿಯವರದ್ದು ಒಂದು ಮಾತಿಗೂ ಗ್ಯಾರಂಟಿ ಇಲ್ಲ. ಈ ಮನುಷ್ಯನೇ ನನಗೆ ಒಂದು ಕಾಲದಲ್ಲಿ ಅಡುಗೆಮನೇಲಿ ನಿಂತು ಹೇಳ್ತಿದ್ದ ಕಥೆ ನೆನಪಾಯ್ತು."

ಆ ಕಥೆ ನೂರ್‌ಜಹಾನಳಿಗೂ ಗೊತ್ತಿತ್ತು. ರಾಜ್ಯೋತ್ಸವದ ಒಂದು ಭಾಷಣದಲ್ಲಿ ಮೇಷ್ಟ್ರು ಎಲ್ಲರಿಗೂ ಹೇಳಿದ್ದರು. ಇಂಗ್ಲೆಂಡಿನ ದೊರೆಯಿಂದ ಆಗಷ್ಟೇ ಬಿಡಿಸಿಕೊಂಡಿದ್ದ ಅಮೆರಿಕದ ರಾಜ್ಯಗಳು. ಬಾಗಿಲು ಮುಚ್ಚಿಕೊಂಡು ಕೆಲವರು ಹೊಸ ಸಂವಿಧಾನ ಬರೆದು ತಂದರು, ಬಲವಾದ ಕೇಂದ್ರ ಬೇಕು ಎಂದರು. ಬೇಡ ಎಂದವರೂ ಇದ್ದರು. ದೊರೆಯನ್ನು ಓಡಿಸಿ ಇನ್ನೊಬ್ಬ ದೊರೆಯನ್ನು ತರುತ್ತಿದ್ದೀರಿ, ತೆರಿಗೆಯೂ ಸೈನ್ಯವೂ ದೂರದ ರಾಜಧಾನಿಯ ಕೈಗೆ ಹೋದರೆ ನಮ್ಮ ಊರಿನ ಗೋಳು ಕೇಳುವವರು ಯಾರು, ಪ್ರಜೆಯ ಹಕ್ಕು ಎಲ್ಲಿ ಬರೆದಿದೆ ತೋರಿಸಿ ಎಂದು ಜಗಳಕ್ಕೆ ನಿಂತರು. ಹಲವರು ತಮ್ಮ ಹೆಸರು ಮರೆಮಾಡಿ ಬ್ರೂಟಸ್, ಕೇಟೋ ಎಂದು ರೋಮಿನವರ ಹೆಸರಿನಲ್ಲಿ ಬರೆದರು. ಮತದಲ್ಲಿ ಸೋತರು.

"ಸೋತ್ರು," ಎಂದರು ಗೀತಾ, "ಆದ್ರೆ ಅವರು ಕೇಳಿದ ಹಕ್ಕುಗಳನ್ನ ಗೆದ್ದೋರೇ ಆಮೇಲೆ ತಮ್ಮ ಕೈಯಾರೆ ಸಂವಿಧಾನಕ್ಕೆ ಸೇರಿಸಿದ್ರು. ನಾನೂ ಅಷ್ಟೇ ಕೇಳಿದ್ದು. ಮಹಾಕೂಟ ಬೇಕಾದ್ರೆ ಆಗ್ಲಿ. ಮಕ್ಕಳ ಕ್ಲಾಸನ್ನ ಆ ಊರಿನವರೇ ನಡೆಸ್ಬೇಕು, ಯಾರೂ ಮುಚ್ಚೋ ಹಾಗಿಲ್ಲ ಅಂತ ಒಂದು ಮಾತು ಬರೀರಿ. ಸ್ಟಾಕ್‌ಹೋಮಿಗೆ ಲುಲೆಯೊ ಕತ್ತಲೆ ಕಾಣಿಸಲ್ಲ."

"ಕರಪತ್ರದ ಆ ಸಾಲು ನನಗೆ ಬಾಯಿಪಾಠ," ಎಂದಳು ನೂರ್‌ಜಹಾನ್.

"ಮೊದಲ್ನೇ ಕರಪತ್ರ ಅವರ ಬೂಟಲ್ಲೂ ಇಟ್ಟೆ. ಮನೆಗೆ ಬಂದು ಓದಿದ್ರು. ಮುಖ ಕೆಂಪಾಯ್ತು. ‘ಯಾರೇ ಇವನು, ನನ್ನ ಪಾಠ ನನಗೇ ತಿರುಗಿಸ್ತಾನೆ!’ ಅಂದ್ರು. ಎಷ್ಟೋ ತಿಂಗಳ ಮೇಲೆ ಅವರ ಬಾಯಿಂದ ಒಂದು ಉದ್ದದ ಮಾತು." ಗೀತಾರ ಕಣ್ಣು ತುಂಬಿತು. "ಮಾರನೇ ದಿನ ನನಗಿಂತ ಮುಂಚೆ ಎದ್ದಿದ್ರು ಕಣೇ. ಉತ್ತರ ಬರೀತಾ ಕೂತಿದ್ರು. ಕಾಫಿ ಕೇಳಿದ್ರು. ಸಕ್ಕರೆ ಕಡಿಮೆ ಅಂತ ಬೈದ್ರು. ನಾನು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಕೊಂಡು ಅತ್ತೆ, ಸಂತೋಷಕ್ಕೆ."

ನೂರ್‌ಜಹಾನ್ ಎದ್ದು ಹೋಗಿ ಅವರ ಪಕ್ಕದ ಕುರ್ಚಿಯಲ್ಲಿ ಕೂತು ಕೈ ಹಿಡಿದುಕೊಂಡಳು. ತನಿಖೆಗೆ ಬಂದವಳು ಹಾಗೆಲ್ಲ ಮಾಡಬಾರದು. ಮಾಡಿದಳು.

"ಆಮೇಲೆ ನಿಲ್ಸೋಕಾಗ್ಲಿಲ್ಲ. ನಾನು ಬರೆಯೋದು, ಅವರು ಗ್ರೂಪಲ್ಲಿ ಉತ್ತರ ಕೊಡೋದು. ಒಂದೇ ಮನೇಲಿ ಕೂತು." ಗೀತಾ ಸೆರಗಿಲ್ಲದ ಸ್ವೆಟರಿನ ತೋಳಿನಿಂದಲೇ ಕಣ್ಣೊರೆಸಿಕೊಂಡರು. "ಅಮೆರಿಕದ ಆ ವಿರೋಧಿಗಳಲ್ಲೂ ಒಬ್ಬಳು ಹೆಂಗಸಿದ್ಲು. ಬೇರೆ ಹೆಸರಲ್ಲಿ ಪುಸ್ತಿಕೆ ಬರೆದ್ಲು. ನೂರು ವರ್ಷ ದಾಟಿದ್ರೂ ಯಾವನೋ ಗಂಡಸು ಬರೆದದ್ದು ಅಂತಾನೇ ಎಲ್ಲರೂ ನಂಬಿದ್ರಂತೆ. ಒಂದ್ಸಲ ಇವರನ್ನ ಕೇಳಿದ್ದೆ, ಅವಳ ಗಂಡನಿಗಾದ್ರೂ ಗೊತ್ತಿತ್ತಾ ಅಂತ."

"ಏನಂದ್ರು?"

"‘ಗೊತ್ತಿರ್ಲೇಬೇಕು. ಒಂದೇ ಮನೇಲಿದ್ದು ಗೊತ್ತಾಗ್ದೆ ಇರೋಕೆ ಅವನೇನು ಪೆದ್ದನಾ’ ಅಂದ್ರು." ಗೀತಾ ಅಳುವಿನ ನಡುವೆಯೇ ನಕ್ಕರು. "ಇವರನ್ನ ನೋಡು, ಬ್ರೂಟಸ್ ಬ್ರೂಟಸ್ ಅಂತ ಊರೆಲ್ಲ ಹುಡುಕ್ತಿದ್ದಾರೆ."

ಇನ್ನು ಕೇಳಲೇಬೇಕಾದ ಪ್ರಶ್ನೆ ಬಾಕಿ ಇತ್ತು. ನೂರ್‌ಜಹಾನ್ ಕೈ ಬಿಡದೆಯೇ ಕೇಳಿದಳು.

"ಗೀತಕ್ಕ, ಪುಸ್ತಕ?"

"ಮುಟ್ಟಿಲ್ಲ. ನಿನ್ನ ಮಗಳಾಣೆ ಹಾಕಲ್ಲ, ಆಣೆಗೀಣೆ ನನಗಾಗಲ್ಲ. ಆದ್ರೆ ಮುಟ್ಟಿಲ್ಲ. ಶೌಕತ್ ತಂದಾಗ ಒಂದು ಪೆಟ್ಟಿಗೆ ಬಾಯಿಬಿಟ್ಟಿತ್ತು, ಪುಸ್ತಕ ನೋಡಿದ್ದೀನಿ ನಾನು. ಆಮೇಲೆ ಏನಾಯ್ತೋ ಗೊತ್ತಿಲ್ಲ."

"ನೋಡಿದ್ದೀರಾ! ಹಾಗಾದ್ರೆ ಶೌಕತ್ ಭಾಯ್ ಖಾಲಿ ಪೆಟ್ಟಿಗೆ ತಂದಿಲ್ಲ ಅಂತ ಸಭೆಯಲ್ಲಿ ಹೇಳ್ಬಹುದಲ್ಲ?"

"ಹೇಳಿದ್ರೆ ಸುಧೀರ್ ಮುಂದಿನ ಪ್ರಶ್ನೆ ಕೇಳ್ತಾನೆ. ನಮ್ಮ ಸ್ಟೋರಿನಿಂದ ತೆಗೆದೋರು ಯಾರು? ಶೌಕತ್ ಇಲ್ಲೇ ಇದ್ನಲ್ಲ, ಅವನೇ ಬದಲಾಯಿಸಿದ ಅಂತಾನೆ. ಬ್ರೂಟಸ್ ಬೇರೆ, ಕಳ್ಳ ಬೇರೆ ಅಂತ ತೋರಿಸ್ಬೇಕಾದ್ರೆ ನಾನು ಎದ್ದು ನಿಲ್ಬೇಕು." ಗೀತಾ ಕಿಟಕಿಯಾಚೆ ನೋಡಿದರು. ಹೊಳೆಯ ದಾರಿಯಲ್ಲಿ ಮೇಷ್ಟರ ಕೆಂಪು ಟೋಪಿ ನಿಧಾನವಾಗಿ ಚಲಿಸುತ್ತಿತ್ತು. "ನಿಲ್ತೀನಿ. ಆ ಹುಡುಗನ ತಲೆ ಮೇಲೆ ಕಳ್ಳತನ ಹೊರಿಸಿ ನಾನು ಸುಮ್ನಿರಲ್ಲ. ಆದ್ರೆ ನೂರಿ, ಇಷ್ಟು ತಿಂಗಳು ಇವರು ವಾದ ಮಾಡಿದ್ದು ಹೆಂಡತಿ ಹತ್ರ ಅಂತ ಎಲ್ಲರೆದುರು ಗೊತ್ತಾದ್ರೆ? ನಗೆಪಾಟಲಾಗ್ತಾರೆ. ಮತ್ತೆ ಆ ಗೋಡೆ ನೋಡೋಕೆ ಶುರು ಮಾಡಿದ್ರೆ ನಾನೇನು ಮಾಡ್ಲಿ?"

ಒಂದು ಕಡೆ ಶೌಕತ್‌ನ ಮಾನ ಮತ್ತು ಆ ಮಕ್ಕಳ ತರಗತಿ, ಇನ್ನೊಂದು ಕಡೆ ಈ ಮನೆಗೆ ಈಗಷ್ಟೇ ಮರಳಿದ ಮಾತು.

"ಇವತ್ತು ಸಂಜೆ ನೀವೇ ಮೇಷ್ಟ್ರಿಗೆ ಹೇಳಿ," ಎಂದಳು ಕೊನೆಗೆ. "ಸಭೆಗೆ ಮುಂಚೆ ನಿಮ್ಮ ಬಾಯಿಂದ ಕೇಳ್ಲಿ. ಬ್ರೂಟಸ್ ಹೆಸರು ನಾನು ಹೇಳಲ್ಲ, ಅದು ನಿಮ್ಮದು. ಆದ್ರೆ ಪುಸ್ತಕ ತೆಗೆದೋರು ಯಾರು ಅಂತ ಗೊತ್ತಾದ್ರೆ ಮಾತ್ರ ನಾಳೆ ಮುಚ್ಚಿಡಲ್ಲ ಗೀತಕ್ಕ. ಯಾರೇ ಆಗ್ಲಿ. ನೀವಾಗ್ಲಿ, ಮೇಷ್ಟ್ರಾಗ್ಲಿ, ನನ್ನ ಸ್ವಂತದೋರೇ ಆಗ್ಲಿ, ಎದ್ದು ನಿಂತು ಹೆಸರು ಹೇಳ್ತೀನಿ. ಶೌಕತ್ ಭಾಯ್‌ಗೆ ಮಾತು ಕೊಟ್ಟಿದ್ದೀನಿ."

ಗೀತಾ ಅವಳ ತಲೆ ಸವರಿದರು. "ಹಾಗೇ ಮಾಡು. ಬನ್ನು ತಿನ್ನು ಮೊದ್ಲು, ಆರಿಹೋಯ್ತು."

*

ಸ್ವೀಡನ್ನಿನಲ್ಲಿ ಆಕಾಶ ಕಳಚಿ ಬಿದ್ದರೂ ಬಟ್ಟೆ ಒಗೆಯುವ ಸರದಿ ತಪ್ಪಿಸುವಂತಿಲ್ಲ. ಇಡೀ ಕಟ್ಟಡಕ್ಕೆ ನೆಲಮಾಳಿಗೆಯಲ್ಲಿ ಒಂದೇ ಒಗೆಯುವ ಕೋಣೆ. ಗೋಡೆಯ ಹಲಗೆಯ ಮೇಲೆ ನಿಮ್ಮ ಮನೆಯ ಪುಟ್ಟ ಬೀಗವನ್ನು ಬೇಕಾದ ಹೊತ್ತಿನ ತೂತಿಗೆ ಸಿಕ್ಕಿಸಿದರೆ ಆ ಹೊತ್ತು ನಿಮ್ಮದು. ತಪ್ಪಿಸಿಕೊಂಡರೆ ನೆರೆಯವರ ಪ್ರೀತಿಯನ್ನೂ ಕಳೆದುಕೊಂಡಿರಿ ಎಂದೇ ಲೆಕ್ಕ.

ಶನಿವಾರ ಮಧ್ಯಾಹ್ನ ನೂರ್‌ಜಹಾನಳ ಸರದಿ. ಬುಟ್ಟಿ ಹೊತ್ತು ಇಳಿದು ಬಂದವಳು ಹಲಗೆಯ ಮುಂದೆ ನಿಂತ ಕಡೆಯೇ ನಿಂತಳು. ಅವಳ ಬೀಗದ ಕೆಳಗೆ, ಅವಳ ಕಣ್ಣಿಗೇ ಬೀಳಲೆಂದು, ಕಂಪ್ಯೂಟರಿನಲ್ಲಿ ಅಚ್ಚಾದ ಒಂದು ಕಾಗದ ನೇತಾಡುತ್ತಿತ್ತು.

"ಪುಸ್ತಕಗಳನ್ನು ತೆಗೆದವನು ನಾನು. ಶೌಕತ್‌ಗೂ ಇದಕ್ಕೂ ಸಂಬಂಧವಿಲ್ಲ. ನಾಳೆ ಸಭೆಯಲ್ಲಿ ಎದ್ದು ನಿಂತು ನನ್ನ ಹೆಸರು ಹೇಳುತ್ತೇನೆ. ಇಂತಿ, ಬ್ರೂಟಸ್."

ನಾಲ್ಕು ಮೂಲೆಯಲ್ಲೂ ಬೊಟ್ಟು.

ಗೀತಕ್ಕ ಸುಳ್ಳು ಹೇಳಿದರೇ? ಕೈ ಹಿಡಿದು ಕೂತಿದ್ದಾಗ? ನೂರ್‌ಜಹಾನ್ ಕಾಗದ ಕಿತ್ತು ಮೂಗಿಗೆ ಹಿಡಿದಳು. ಹಿಡಿದದ್ದೇ ತಡ, ಒಂದರ ಹಿಂದೆ ಒಂದು ಸೀನು. ಕಣ್ಣಲ್ಲಿ ನೀರು ಬಂತು. ಬೆಳಕಿಗೆ ಹಿಡಿದು ನೋಡಿದಳು. ಬೊಟ್ಟು ಹಳದಿಯಲ್ಲ, ಇಟ್ಟಿಗೆಯ ಬಣ್ಣ.

ಅವಳು ಫೋನ್ ಮಾಡಿದಳು. ಗೀತಾ ಕೈಗೆ ಮೆತ್ತಿದ್ದ ಚಪಾತಿ ಹಿಟ್ಟಿನೊಂದಿಗೇ ಇಳಿದು ಬಂದರು, ಓದಿದರು, ಬಿಳಿಚಿಕೊಂಡರು.

"ಇದು ನಾನು ಬರೆದದ್ದಲ್ಲ."

"ಗೊತ್ತು. ಮೂಸಿ ನೋಡಿ."

ಗೀತಾ ಮೂಸಿದರು. ಒಂದು ಕ್ಷಣ ಏನೂ ಅರ್ಥವಾಗಲಿಲ್ಲ. ಆಮೇಲೆ ಅವರ ಬಾಯಿ ತೆರೆದುಕೊಂಡಿತು.

"ಹುಳಿಪುಡಿ! ಸಾಂಬಾರ್ ಪುಡಿ!"

ಒಗೆಯುವ ಯಂತ್ರಕ್ಕೆ ಒರಗಿ ಗೀತಾ ನಗಲು ತೊಡಗಿದರು. ನಗುತ್ತಲೇ ಅಳುತ್ತಿದ್ದರು. "ಇಷ್ಟು ವರ್ಷ ಸಂಸಾರ ಮಾಡಿ ಅರಿಶಿನದ ಬಟ್ಟಲು ಯಾವ್ದು, ಹುಳಿಪುಡಿ ಯಾವ್ದು ಅಂತ ಇನ್ನೂ ಗೊತ್ತಿಲ್ಲ ಈ ಮನುಷ್ಯಂಗೆ! ಅಯ್ಯೋ ದೇವ್ರೇ. ನೂರಿ, ಅವರಿಗೆ ಗೊತ್ತಿತ್ತು. ಮೊದಲಿಂದ್ಲೂ ಗೊತ್ತಿತ್ತು. ಮೂಲೇಲಿ ಅರಿಶಿನ ನೋಡಿದ ದಿನವೇ ಗೊತ್ತಾಗಿದೆ."

"ಬೆಳಿಗ್ಗೆ ನನಗೆ ಹೇಳಿದ್ರಲ್ಲ. ಸಿಕ್ಕಿದ್ರೂ ಈಗ್ಲೇ ಹೇಳ್ಬೇಡ ಅಂತ."

"ನನಗೇ ಬರೀತಿದ್ರು," ಎಂದರು ಗೀತಾ. ಹಿಟ್ಟಿನ ಕೈಯಲ್ಲೇ ಕಾಗದವನ್ನು ಎದೆಗೆ ಒತ್ತಿಕೊಂಡರು. "ಆ ಉತ್ತರ ಎಲ್ಲಾ ನನಗೇ ಬರೀತಿದ್ರು ಕಣೇ."

ನೂರ್‌ಜಹಾನ್ ಅವರನ್ನು ಅಳಲು ಬಿಟ್ಟಳು. ಅವಳ ಕಣ್ಣೂ ಒದ್ದೆಯಾಗಿತ್ತು, ಅದು ಹುಳಿಪುಡಿಯ ಘಾಟಿನಿಂದಲ್ಲ. ಆದರೆ ತಲೆ ಸುಮ್ಮನಿರಲಿಲ್ಲ. ಹಾಲಿನ ಡಬ್ಬಿ ಎತ್ತಬಾರದ ಮನುಷ್ಯ ನಾಲ್ಕು ಸೂಟ್‌ಕೇಸಿನ ಪುಸ್ತಕ ಹೊತ್ತನೇ?

"ಗೀತಕ್ಕ, ಮೇಷ್ಟ್ರು ತೆಗೆದಿಲ್ಲ. ಅವರ ಕೈಲಿ ಆಗಲ್ಲ. ಬ್ರೂಟಸ್ ನೀವು ಅಂತ ಗೊತ್ತು, ಹಾಗಾಗಿ ಪುಸ್ತಕವನ್ನೂ ನೀವೇ ತೆಗೆದಿದ್ದೀರಿ ಅಂದ್ಕೊಂಡಿದ್ದಾರೆ. ನಾಳೆ ನಿಮ್ಮ ಬದಲು ತಾವು ಕಳ್ಳ ಅಂತ ಎದ್ದು ನಿಲ್ತಾರೆ."

ಗೀತಾರ ನಗು ನಿಂತಿತು. "ತಮ್ಮ ಸಂವಿಧಾನದ ಸಭೆಯಲ್ಲಿ? ಅಷ್ಟು ಜನರೆದುರು?"

"ಅದಕ್ಕೇ ಕೇಳ್ತಿರೋದು. ಸ್ಟೋರಿನ ಕೀ ಯಾರ ಹತ್ರ ಇತ್ತು? ಯೋಚನೆ ಮಾಡಿ ಹೇಳಿ. ಮಂಗಳವಾರದಿಂದ ಗುರುವಾರದ ತನಕ."

"ನಮ್ಮ ಹತ್ರಾನೇ. ಬಾಗಿಲ ಹಿಂದಿನ ಮೊಳೇಲಿ. ಶೌಕತ್ ಪೆಟ್ಟಿಗೆ ಇಟ್ಟು ವಾಪಸ್ ಕೊಟ್ಟ, ನಾನೇ ನೇತುಹಾಕ್ದೆ." ಗೀತಾ ಹುಬ್ಬು ಗಂಟಿಕ್ಕಿದರು. "ತಾಳು. ಬುಧವಾರ ಒಂದ್ಸಲ ಕೊಟ್ಟಿದ್ದೆ. ಆದ್ರೆ ಅದು ಲೆಕ್ಕಕ್ಕಿಲ್ಲ ಬಿಡು, ಮನೆಯೋನೇ."

"ಯಾರಿಗೆ?"

"ನಿನ್ನ ಗಂಡಂಗೇ. ಕಾರಿಗೆ ಚಳಿಗಾಲದ ಟೈರ್ ಹಾಕ್ಸಿದ್ದೀನಿ, ಬೇಸಿಗೆ ಟೈರ್ ಇಡೋಕೆ ನಮ್ಮ ಸ್ಟೋರಲ್ಲಿ ಜಾಗ ಇಲ್ಲ, ಎರಡು ದಿನ ನಿಮ್ಮಲ್ಲಿ ಇಡ್ಲಾ ಅಂದ. ಅದಕ್ಕೇನಂತೆ ಇಟ್ಕೋ ಅಂದೆ. ಯಾಕೇ? ಯಾಕೆ ಹಾಗೆ ನೋಡ್ತೀಯ?"

ಒಗೆಯುವ ಕೋಣೆಯ ಕಿಟಕಿ ನೆಲದ ಮಟ್ಟಕ್ಕಿತ್ತು. ಅಲ್ಲಿಂದ ಕಾಣುವುದು ಹೊರಗೆ ನಿಂತ ಕಾರುಗಳ ಚಕ್ರ ಮಾತ್ರ. ನೂರ್‌ಜಹಾನ್ ಬುಟ್ಟಿಯನ್ನು ಕೆಳಗಿಟ್ಟು ಕಿಟಕಿಯ ಬಳಿ ಹೋದಳು. ಪಕ್ಕದವರ ಕಾರಿನ ಟೈರುಗಳಲ್ಲಿ ಮಂಜಿಗೆಂದು ಬಡಿದ ಉಕ್ಕಿನ ಮೊಳೆಗಳು ಮಿನುಗುತ್ತಿದ್ದವು. ಅದರಾಚೆ ತನ್ನದೇ ನೀಲಿ ಕಾರು ಇತ್ತು. ಅದರ ನಾಲ್ಕು ಚಕ್ರದಲ್ಲೂ ಒಂದು ಮೊಳೆ ಇಲ್ಲ, ನುಣ್ಣಗೆ ಸವೆದ ಬೇಸಿಗೆಯ ಟೈರು. ಬುಧವಾರ ಅಜೀಮ್ ಎತ್ತಿದ್ದು ಟೈರಲ್ಲ.

ಊರವರ ಸುಳ್ಳನ್ನೆಲ್ಲ ಎಳೆದು ತೆಗೆಯುವವಳು, ಎರಡು ದಿನ ಅದೇ ಕಾರು ಓಡಿಸಿಕೊಂಡು ಆಫೀಸಿಗೆ ಹೋಗಿ ಬಂದಿದ್ದಳು. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದವಳ ಕಥೆಯಾಯಿತು. ಬೆನ್ನುನೋವಿಗೆ ಮುಲಾಮು ಎಲ್ಲಿದೆ ಎಂದೂ ತಾನೇ ಹೇಳಿಕೊಟ್ಟಿದ್ದಳು. ಬಸ್ಸಿನ ಬೋರ್ಡಿಗಿಂತ ಹೆಚ್ಚಿನ ಕನ್ನಡ ಓದದ, ಮಗಳಿಗೆ ಇಷ್ಟು ವರ್ಷ ಒಂದು ಕನ್ನಡ ಕಥೆ ಹೇಳದೆ ಈಗ ಕೊಪ್ಪರಿಗೆಯ ಕಥೆ ಹೇಳಿದ ಅಜೀಮ್‌.

ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾಯಿತು. ಈಜುಕೊಳದ ಒದ್ದೆ ಟವೆಲುಗಳ ಚೀಲ ಹಿಡಿದು ಅವನೇ ಬಾಗಿಲಲ್ಲಿ ನಿಂತಿದ್ದ. ಒಂದು ಕೈ ಸೊಂಟದ ಮೇಲಿತ್ತು. ಗೀತಕ್ಕನನ್ನು ನೋಡಿ ನಮಸ್ಕಾರ ಮಾಡಿದ, ಹೆಂಡತಿಯನ್ನು ನೋಡಿ ನಕ್ಕ. ಹದಿನಾಲ್ಕು ವರ್ಷದಿಂದ ಅವಳ ದಣಿವನ್ನೆಲ್ಲ ಇಳಿಸುತ್ತ ಬಂದ ನಗು ಅದು.

"ಮೆಷಿನ್ ಇನ್ನೂ ಹಾಕಿಲ್ವಾ ನೂರ್? ಇದನ್ನೂ ಸೇರಿಸ್ತೀಯಾ?"

ಅವಳು ಚೀಲ ತೆಗೆದುಕೊಂಡಳು. ನಾಳೆ ಯಾರ ಹೆಸರಾದರೂ ಹೇಳುತ್ತೇನೆ ಎಂದು ಬೆಳಿಗ್ಗೆ ಕೊಟ್ಟ ಮಾತು ಗೀತಕ್ಕನಿಗೂ ನೆನಪಾಗಿತ್ತು. ಅವರು ಅವಳ ತೋಳು ಹಿಡಿದುಕೊಂಡರು.

"ಅಜೀಮ್," ಎಂದಳು ನೂರ್‌ಜಹಾನ್. ಅವಳ ದನಿ ಅವಳಿಗೇ ಬೇರೆಯವರದ್ದಾಗಿ ಕೇಳಿಸಿತು. "ಕೊಪ್ಪರಿಗೆ ಅನ್ನೋ ಪದ ಯಾವ ಪುಸ್ತಕದಲ್ಲಿ ಓದಿದೆ?"

ಅಜೀಮ್ ನಗುತ್ತಲೇ ಇದ್ದ. ಆಮೇಲೆ ಅವನ ಕಣ್ಣು ಕಿಟಕಿಯಾಚೆಯ ಚಕ್ರಗಳತ್ತ ಹೋಯಿತು.